ಹಿರಿಯರ ಕೈಗೆ ಮೊಬೈಲು: ಕಾಸರಗೋಡಿನ ಕನ್ನಡ ಮನೆಗಳಿಗೊಂದು ಮಾರ್ಗದರ್ಶಿ

ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಮನೆಯೊಂದರಲ್ಲಿ ಎಪ್ಪತ್ತರ ಆಸುಪಾಸಿನವರ ಫೋನು ತೆರೆದು ನೋಡಿ. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿರುತ್ತದೆ. ಪಂಚಾಯತು, ವಾರ್ಡಿನ ಗುಂಪಿನಲ್ಲಿ ಬರುವುದು ಹೆಚ್ಚಾಗಿ ಮಲಯಾಳ. ದೇವಸ್ಥಾನದ ಆಮಂತ್ರಣ ಕನ್ನಡ. ಬೆಂಗಳೂರಿನಿಂದ ಮೊಮ್ಮಗಳು ಕಳಿಸಿದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಓದಬೇಕಾದವರು ಕನ್ನಡ ಮಾಧ್ಯಮದಲ್ಲಿ ಕಲಿತವರು. ಪೇಟೆಯಲ್ಲಿ ಮಲಯಾಳ ಸರಾಗವಾಗಿ ಮಾತಾಡುತ್ತಾರೆ, ಅಕ್ಷರ ಮಾತ್ರ ಗೊತ್ತಿಲ್ಲ. ಇಲ್ಲೇ ಶಾಲೆಗೆ ಹೋಗುವ ಮೊಮ್ಮಗ ಮಲಯಾಳ, ಇಂಗ್ಲಿಷ್ ಎರಡನ್ನೂ ಓದುತ್ತಾನೆ, ಕನ್ನಡದ ಒತ್ತಕ್ಷರ ಬಂದಲ್ಲಿ ತಡವರಿಸುತ್ತಾನೆ. ಮನೆಯವರೆಲ್ಲ ಒಟ್ಟು ಕೂತರೆ ಮೂರೂ ಲಿಪಿ ಓದಿಯಾಗುತ್ತದೆ, ಒಬ್ಬೊಬ್ಬರಾಗಿ ಕೂತರೆ ಯಾರಿಗೂ ಪೂರ್ತಿ ಆಗುವುದಿಲ್ಲ.

ಹಾಗಾಗಿ ನಮ್ಮ ಕಡೆ ಹಿರಿಯರಿಗೆ ಫೋನು ಕಲಿಸುವಾಗ ವಯಸ್ಸಿಗಿಂತ ಮೊದಲು ಲಿಪಿ ಅಡ್ಡ ಬರುತ್ತದೆ. ‘ಅಜ್ಜನಿಗೆ ತಲೆಗೆ ಹೋಗುವುದಿಲ್ಲ’ ಎಂದು ಕೈಬಿಟ್ಟ ಎಷ್ಟೋ ಮನೆಗಳಲ್ಲಿ ಅಜ್ಜನಿಗೆ ಪರದೆಯ ಮೇಲಿದ್ದದ್ದು ಓದಲಿಕ್ಕೇ ಆಗಿರುವುದಿಲ್ಲ. ಓದಲು ಬಂದರೂ ಅಕ್ಷರ ಸಾಸಿವೆಯಷ್ಟಿರುತ್ತದೆ, ಬೆರಳು ಹೇಳಿದಲ್ಲಿ ತಾಗುವುದಿಲ್ಲ. ಇಷ್ಟನ್ನು ಸರಿಮಾಡದೆ ಪಾಠ ಶುರುಮಾಡಿದರೆ ಕಲಿಸುವವರಿಗೆ ಸಿಟ್ಟು, ಕಲಿಯುವವರಿಗೆ ಬೇಸರ. ಕೊನೆಗೆ ‘ನೀನೇ ಮಾಡಿಬಿಡು ಮಗಾ’ ಎಂದು ಫೋನು ಮೊಮ್ಮಗನ ಕೈಗೆ ಹೋಗುತ್ತದೆ. ಅಲ್ಲಿಂದ ಮುಂದೆ ಬ್ಯಾಂಕಿನ ಗುಟ್ಟಿನ ಅಂಕೆಯೂ (ಪಿನ್) ಅವನ ಹತ್ತಿರವೇ.

ಫೋನು ಕೊಡುವ ಮೊದಲು

ಮಗ ಹೊಸ ಫೋನು ಕೊಂಡಾಗ ಹಳೆಯದನ್ನು ಅಪ್ಪನಿಗೆ ಕೊಡುವುದು ರೂಢಿ. ನಮ್ಮ ಅಭಿಪ್ರಾಯದಲ್ಲಿ ಎಡವಟ್ಟು ಅಲ್ಲಿಂದಲೇ ಶುರು. ಅದರ ಬ್ಯಾಟರಿ ಅರ್ಧ ದಿನ ನಿಲ್ಲುವುದಿಲ್ಲ, ಸುರಕ್ಷತೆಯ ಅಪ್‌ಡೇಟ್ ನಿಂತಿರುತ್ತದೆ, ಕೆಲವು ಬ್ಯಾಂಕ್ ಆ್ಯಪ್‌ಗಳು ಅಷ್ಟು ಹಳೆಯ ಆಂಡ್ರಾಯ್ಡಿನಲ್ಲಿ ತೆರೆಯುವುದೇ ಇಲ್ಲ. ಮೊದಲೇ ಅಂಜುತ್ತಿರುವವರಿಗೆ ನಿಧಾನದ ಫೋನು ಕೊಟ್ಟರೆ ಒತ್ತಿದ್ದು ಆಗಲಿಲ್ಲವೆಂದು ಇನ್ನೊಮ್ಮೆ, ಮತ್ತೊಮ್ಮೆ ಒತ್ತುತ್ತಾರೆ. ಆಮೇಲೆ ಮೂರೂ ಒಟ್ಟಿಗೆ ಆಗಿ ಎಲ್ಲಿಗೋ ಹೋಗಿ ನಿಲ್ಲುತ್ತದೆ. ಹೊಸದು ಕೊಳ್ಳುವುದಾದರೆ 6 ಜಿಬಿ ರ‍್ಯಾಮ್, 128 ಜಿಬಿ ಜಾಗ ಇದ್ದರೆ ಸಾಕು. ಕ್ಯಾಮರಾದ ಲೆಕ್ಕಕ್ಕಿಂತ ಸ್ಪೀಕರಿನ ಸದ್ದು ಮುಖ್ಯ. ಅಂಗಡಿಯಲ್ಲೇ ಜೋರಾಗಿ ಹಾಕಿ ಕೇಳಿ. ಕಲಿಸುವವರ ಫೋನು ಯಾವ ಕಂಪನಿಯದೋ ಅದೇ ಕಂಪನಿಯದು ಕೊಂಡರೆ ಇಬ್ಬರ ಪರದೆಯೂ ಒಂದೇ ತರ ಇರುತ್ತದೆ. ದೂರದಿಂದ ಹೇಳಿಕೊಡುವಾಗ ಇದರ ಬೆಲೆ ತಿಳಿಯುತ್ತದೆ.

ಹಳೆಯ ಫೋನೇ ಕೊಡಬೇಕಾಗಿ ಬಂದರೆ ಪೂರ್ತಿ ಅಳಿಸಿ, ಹಿರಿಯರ ಹೆಸರಿನಲ್ಲೇ ಗೂಗಲ್ ಖಾತೆ ತೆರೆದು ಕೊಡಿ. ಮಗನ ಖಾತೆ ಹಾಗೆಯೇ ಉಳಿದರೆ ಅವನ ಆಫೀಸಿನ ಇನ್ನೂರು ಹೆಸರುಗಳ ನಡುವೆ ಅಮ್ಮ ತನ್ನ ತಂಗಿಯ ನಂಬರು ಹುಡುಕಬೇಕಾಗುತ್ತದೆ. ಖಾತೆಯ ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡಿ, ಮರೆತಾಗ ಸರಿಪಡಿಸಲು ಮಗನ ಅಥವಾ ಮಗಳ ನಂಬರು ಸೇರಿಸಿಡಿ.

ನಂತರ ಸೆಟ್ಟಿಂಗ್ಸ್. ಇದಕ್ಕೆ ಅರ್ಧ ಗಂಟೆ ಸಾಕು, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

1. ಡಿಸ್‌ಪ್ಲೇಯಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿ, ಆದರೆ ತುದಿಯವರೆಗೆ ಎಳೆಯಬೇಡಿ. ತುದಿಗೆ ಎಳೆದರೆ ಕೆಲವು ಆ್ಯಪ್‌ಗಳಲ್ಲಿ ‘ಸರಿ’, ‘ಬೇಡ’ ಎಂಬ ಗುಂಡಿಗಳು ಪರದೆಯ ಕೆಳಗೆ ಹೋಗಿ ಮರೆಯಾಗುತ್ತವೆ. ಅವರು ಪೇಪರು ಓದುವಾಗ ಹಾಕುವ ಕನ್ನಡಕ ಹಾಕಿಸಿಯೇ ಗಾತ್ರ ನಿಶ್ಚಯಿಸಿ.

2. ಪರದೆ ಆರುವ ಸಮಯವನ್ನು 30 ಸೆಕೆಂಡಿನಿಂದ 2 ನಿಮಿಷಕ್ಕೆ ಏರಿಸಿ. ಯೋಚಿಸುತ್ತಿರುವಾಗಲೇ ಪರದೆ ಕಪ್ಪಾದರೆ ತಾವೇನೋ ಹಾಳುಮಾಡಿದೆವೆಂದು ಗಾಬರಿಯಾಗುತ್ತದೆ.

3. ಕೆಳಗೆ ಮೂರು ಗುಂಡಿ ಕಾಣುವಂತೆ ಮಾಡಿ. ಹೊಸ ಫೋನುಗಳಲ್ಲಿ ಬೆರಳು ಜಾರಿಸಿ ಹಿಂದೆ ಹೋಗುವ ಏರ್ಪಾಡಿರುತ್ತದೆ, ಹಿರಿಯರಿಗೆ ಅದು ಒಗ್ಗುವುದಿಲ್ಲ. ‘ನ್ಯಾವಿಗೇಶನ್’ ಎಂಬಲ್ಲಿ ಇದನ್ನು ಬದಲಿಸಬಹುದು.

4. ಆಕ್ಸೆಸಿಬಿಲಿಟಿಯಲ್ಲಿ ‘ಟಚ್ ಆ್ಯಂಡ್ ಹೋಲ್ಡ್ ಡಿಲೇ’ ಎಂಬುದನ್ನು ಉದ್ದಕ್ಕೆ ಇಡಿ. ಹಿರಿಯರು ಗುಂಡಿಯನ್ನು ಒತ್ತಿ ಹಿಡಿಯುವುದು ಹೆಚ್ಚು. ಫೋನು ಅದನ್ನು ‘ಹಿಡಿದುಕೊಂಡಿದ್ದಾರೆ’ ಎಂದು ತಿಳಿದು ಬೇರೆಯೇ ಪಟ್ಟಿ ತೆರೆಯುತ್ತದೆ, ಚಿತ್ರಗಳು ಜಾಗ ಬಿಟ್ಟು ಓಡುತ್ತವೆ.

5. ಮುಖಪುಟದಲ್ಲಿ ಆರು ಚಿತ್ರಗಳಿಗಿಂತ ಹೆಚ್ಚು ಬೇಡ. ಫೋನು, ವಾಟ್ಸಾಪ್, ಕ್ಯಾಮರಾ, ಯೂಟ್ಯೂಬ್, ಮೆಸೇಜ್, ಟಾರ್ಚ್. ಬೀಗದ ಪರದೆಯಲ್ಲಿ ತಾನಾಗಿ ಬದಲಾಗುವ ಜಾಹೀರಾತಿನ ಚಿತ್ರಗಳನ್ನು ತಪ್ಪದೆ ನಿಲ್ಲಿಸಿ.

ಕೆಲವು ಕಂಪನಿಗಳ ಫೋನಿನಲ್ಲಿ ‘ಈಸಿ ಮೋಡ್’ ಅಥವಾ ‘ಸಿಂಪಲ್ ಮೋಡ್’ ಎಂದು ಒಂದೇ ಗುಂಡಿಯಲ್ಲಿ ಇವುಗಳಲ್ಲಿ ಹಲವು ಆಗುತ್ತವೆ. ಹುಡುಕಿ ನೋಡಿ.

ಬೆರಳಿನದ್ದೂ ಒಂದು ಸಂಗತಿಯಿದೆ. ಅಡಿಕೆ ಸುಲಿದು, ರಬ್ಬರು ಕೊಯ್ದು, ತೋಟದ ಕೆಲಸ ಮಾಡಿದ ಕೈಯ ಬೆರಳ ತುದಿ ಒಣಗಿ ಗಡುಸಾಗಿರುತ್ತದೆ. ಪರದೆ ಕೆಲಸ ಮಾಡುವುದು ಚರ್ಮದ ಮೂಲಕ ಹಾಯುವ ಸಣ್ಣ ವಿದ್ಯುತ್ತಿನಿಂದ. ಒಣ ಚರ್ಮ, ಉಗುರು, ದಪ್ಪ ಗಾಜಿನ ಹೊದಿಕೆ ಮೂರೂ ಅದಕ್ಕೆ ಅಡ್ಡಿ. ಬೆರಳನ್ನು ಒದ್ದೆ ಬಟ್ಟೆಗೆ ಒಮ್ಮೆ ತಾಗಿಸಿ ಒರೆಸಿಕೊಂಡರೆ ಪರದೆ ಬೇಗ ಕೇಳುತ್ತದೆ. ಕೆಲವು ಫೋನುಗಳಲ್ಲಿ ‘ಟಚ್ ಸೆನ್ಸಿಟಿವಿಟಿ’ ಎಂಬುದೂ ಇದೆ, ಹಾಕಿಡಿ. ಬೆರಳ ಗೆರೆ ಸವೆದವರಿಗೆ ಬೆರಳಚ್ಚಿನ ಬೀಗ ಬೇಡ, ನಾಲ್ಕು ಅಥವಾ ಆರು ಅಂಕೆಯ ಬೀಗ ಹಾಕಿ. ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಪಿಂಚಣಿಯ ಮಸ್ಟರಿಂಗಿಗೆ (ಬದುಕಿರುವುದರ ಗುರುತು ಕೊಡಲು) ಹೋದಾಗಲೂ ಇವರ ಬೆರಳನ್ನು ಯಂತ್ರ ಹಿಡಿಯದಿರಬಹುದು. ಆಧಾರಿನಲ್ಲಿ ಕಣ್ಣಿನ ಪಾಪೆಯಿಂದ ಗುರುತು ಹಿಡಿಯುವ ವ್ಯವಸ್ಥೆಯೂ ಇದೆ. ಬೆರಳು ಆಗಲಿಲ್ಲವೆಂದು ಹಿಂದೆ ಬರದೆ ಅದನ್ನು ಕೇಳಬೇಕು.

ಯಾವ ಭಾಷೆಯಲ್ಲಿ ಇಡುವುದು

ಇಡೀ ಫೋನನ್ನು ಕನ್ನಡಕ್ಕೆ ತಿರುಗಿಸಬಹುದು. ಆದರೆ ಅಲ್ಲಿನ ಕನ್ನಡ ಕೆಲವೆಡೆ ದಿನಬಳಕೆಯದಲ್ಲ, ಆಕ್ಸೆಸಿಬಿಲಿಟಿಗೆ ಅಲ್ಲಿ ಬರೆದಿರುವ ‘ಪ್ರವೇಶಿಸುವಿಕೆ’ ಎಂದರೆ ಏನೆಂದು ಕನ್ನಡ ಪಂಡಿತರಿಗೂ ತಕ್ಷಣ ಹೊಳೆಯದು. ಕನ್ನಡ ಓದಲು ಬಾರದ ಮೊಮ್ಮಗನಿಗೆ ಆ ಫೋನು ಸರಿಪಡಿಸಲೂ ಆಗುವುದಿಲ್ಲ.

ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲ ಹಿರಿಯರಾದರೆ ಫೋನು ಇಂಗ್ಲಿಷಿನಲ್ಲೇ ಇರಲಿ, ದಿನಾ ಮುಟ್ಟುವ ಆ್ಯಪ್‌ಗಳು ಮಾತ್ರ ಕನ್ನಡವಾಗಲಿ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ‘ಆ್ಯಪ್ ಲ್ಯಾಂಗ್ವೇಜ್’ ಎಂಬಲ್ಲಿ ಕನ್ನಡ ಇದೆ. ಗೂಗಲ್ ಪೇ, ಫೋನ್‌ಪೇಗಳಲ್ಲೂ ಕನ್ನಡ ಇದೆ. ಕನ್ನಡ ಬಿಟ್ಟು ಬೇರೆ ಅಕ್ಷರವೇ ಗೊತ್ತಿಲ್ಲದವರಿಗೆ ಇಡೀ ಫೋನು ಕನ್ನಡದಲ್ಲಿರಲಿ. ಆಗ ಕಲಿಸುವವರು ಪದ ಹೇಳದೆ ಗುರುತು ಹೇಳಬೇಕು. ‘ಹಲ್ಲಿರುವ ಚಕ್ರ’, ‘ಮೂರು ಚುಕ್ಕೆ’, ‘ಭೂತಗನ್ನಡಿ’. ಭಾಷೆ ಬದಲಿಸುವ ಮೊದಲು ಆ ಜಾಗಕ್ಕೆ ಹೋದ ದಾರಿಯ ಫೋಟೋಗಳನ್ನು ನಿಮ್ಮ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ಹಿಂದೆ ಬರಲು ಬೇಕಾಗುತ್ತದೆ.

ಹೆಸರುಗಳನ್ನು ಕನ್ನಡದಲ್ಲಿ ಉಳಿಸಿ, ಮನೆಯಲ್ಲಿ ಕರೆಯುವ ಹಾಗೆಯೇ. ‘ಪೆರ್ಲದ ಭಾವ’, ‘ದೊಡ್ಡ ಮಗಳು’, ‘ಕರೆಂಟಿನವರು’. ಮುಖದ ಫೋಟೋ ಹಾಕಿ. ನಂಬರಿನ ಮುಂದೆ 91ನ್ನು ಕೂಡಿಸುವ ಚಿಹ್ನೆಯೊಂದಿಗೆ ಬರೆಯಿರಿ, ದುಬೈಯಲ್ಲಿರುವವರದ್ದಾದರೆ 971. ಇದಿಲ್ಲದಿದ್ದರೆ ಹೊರದೇಶದ ನಂಬರು ವಾಟ್ಸಾಪಿನಲ್ಲಿ ಕಾಣಿಸುವುದೇ ಇಲ್ಲ.

ಮೊದಲ ಪಾಠ: ಹಿಂದೆ ಬರುವ ದಾರಿ

ಹಿರಿಯರಿಗೆ ಇರುವ ದೊಡ್ಡ ಹೆದರಿಕೆ ‘ಏನಾದರೂ ಒತ್ತಿ ಹಾಳಾದರೆ’ ಎಂಬುದು. ಆದ್ದರಿಂದ ಕರೆ ಮಾಡುವುದನ್ನೂ ಕಲಿಸುವ ಮುಂಚೆ ಹಿಂದೆ ಬರುವುದನ್ನು ಕಲಿಸಿ. ಕೆಳಗಿನ ಮೂರು ಗುಂಡಿಗಳಲ್ಲಿ ನಡುವಿನದು ಒತ್ತಿದರೆ ಎಲ್ಲಿದ್ದರೂ ಮುಖಪುಟಕ್ಕೆ ಬರುತ್ತದೆ. ಬೇಕೆಂದೇ ಎಲ್ಲೆಲ್ಲೋ ಒತ್ತಿಸಿ, ಕಳೆದುಹೋಗಲು ಬಿಡಿ, ಆಮೇಲೆ ನಡುವಿನ ಗುಂಡಿಯಿಂದ ಅವರೇ ಹಿಂದೆ ಬರಲಿ. ಹತ್ತು ನಿಮಿಷ ಇದನ್ನೇ ಮಾಡಿಸಿ. ಸುಮ್ಮನೆ ಒತ್ತಿದ್ದರಿಂದ ಫೋನು ಹಾಳಾಗುವುದಿಲ್ಲ, ನಾಲ್ಕು ಕಡೆ ಮಾತ್ರ ತಡೆದು ನಿಲ್ಲಬೇಕು ಎಂದು ಹೇಳಿಕೊಡಿ. ಗುಟ್ಟಿನ ಅಂಕೆ ಕೇಳಿದಾಗ, ಒಟಿಪಿ ಬಂದಾಗ, ಹೊಸದೇನನ್ನೋ ಇನ್‌ಸ್ಟಾಲ್ ಮಾಡಲೇ ಎಂದು ಕೇಳಿದಾಗ, ಅಳಿಸಲೇ ಎಂದು ಕೇಳಿದಾಗ.

ಪಾಠಕ್ಕೆ ದಿನಕ್ಕೆ 20 ನಿಮಿಷ ಸಾಕು, ಬೆಳಗ್ಗೆ ಕಾಪಿ ಆದ ಮೇಲೆ ಒಳ್ಳೆಯದು. ಒಂದು ದಿನಕ್ಕೆ ಒಂದೇ ಕೆಲಸ, ಅದನ್ನೇ ಮೂರು ಸಲ, ಮರುದಿನ ಹೊಸದಕ್ಕೆ ಮೊದಲು ಹಿಂದಿನದು ಒಮ್ಮೆ. ಫೋನು ಸದಾ ಅವರ ಕೈಯಲ್ಲೇ ಇರಲಿ. ಕಲಿಸುವ ಮಕ್ಕಳಿಗೆ ಕಷ್ಟವಾಗುವುದು ಇಲ್ಲೇ. ‘ಇಲ್ಲಿ ಕೊಡಿ ಅಜ್ಜಿ’ ಎಂದು ಕೈ ತಾನಾಗಿ ಹೋಗುತ್ತದೆ. ಕೈಯನ್ನು ಬೆನ್ನ ಹಿಂದೆ ಕಟ್ಟಿ ಕೂರಲು ಹೇಳಿ. ತಪ್ಪು ಕಡೆ ಹೋದರೆ ‘ಅಲ್ಲ ಅಲ್ಲ’ ಎನ್ನುವ ಬದಲು ‘ಈಗ ಏನು ಕಾಣ್ತಾ ಉಂಟು?’ ಎಂದು ಕೇಳಬೇಕು. ಕಂಡದ್ದನ್ನು ಬಾಯಿಬಿಟ್ಟು ಓದಿದಾಗ ಅರ್ಧದಷ್ಟು ಸಲ ಅವರಿಗೇ ದಾರಿ ಹೊಳೆಯುತ್ತದೆ.

ಯಾವ ಕೆಲಸದಿಂದ ಶುರುಮಾಡುವುದೆಂದು ಅವರೇ ಹೇಳಲಿ. ಕರೆಂಟು ಬಿಲ್ಲಿನಿಂದ ಶುರುಮಾಡಿದರೆ ಯಾರಿಗೂ ರುಚಿಸುವುದಿಲ್ಲ. ಯಕ್ಷಗಾನ ಕವಿ ಕುಂಬಳೆ ಪಾರ್ತಿಸುಬ್ಬನ ಊರಿನವರಿಗೆ ಯೂಟ್ಯೂಬಿನಲ್ಲಿ ತಾಳಮದ್ದಳೆ ಸಿಗುತ್ತದೆಂದು ಗೊತ್ತಾದರೆ ಮೈಕಿನ ಚಿತ್ರ ಒತ್ತಿ ‘ವಾಲಿವಧೆ ತಾಳಮದ್ದಳೆ’ ಎಂದು ಕೇಳಲು ಎರಡನೆಯ ದಿನವೇ ಕಲಿಯುತ್ತಾರೆ. ಕೃಷಿಕರಿಗೆ ಅಡಿಕೆ ಧಾರಣೆ, ಮಳೆಯ ಸೂಚನೆ. ಮನೆಯಲ್ಲೇ ಇರುವ ಅಜ್ಜಿಗೆ ಮಗುವಿನ ಮುಖ ಕಾಣುವ ವಿಡಿಯೋ ಕರೆ.

ಕಲಿತದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಅದೂ ಹಿರಿಯರ ಕೈಬರಹದಲ್ಲೇ. ಒಂದು ಪುಟಕ್ಕೆ ಒಂದು ಕೆಲಸ. ವಿಡಿಯೋ ಕರೆಯ ಪುಟ ಹೀಗಿರಬಹುದು:

ಬದಿಯ ಗುಂಡಿ ಒತ್ತುವುದು, ಬೀಗದ ಅಂಕೆ ಹಾಕುವುದು.
ವಾಟ್ಸಾಪಿನ ಹಸಿರು ಚಿತ್ರ, ಒಳಗೆ ಬಿಳಿ ಫೋನು. ಒಮ್ಮೆ ಮುಟ್ಟಿ ಬಿಡುವುದು.
ಮಗಳ ಹೆಸರು ಮುಟ್ಟುವುದು. (ಪಕ್ಕದ ದುಂಡು ಫೋಟೋ ಮುಟ್ಟಿದರೆ ಫೋಟೋ ದೊಡ್ಡದಾಗುತ್ತದೆ, ಆಗ ಹಿಂದೆ ಬರುವುದು.)
ಮೇಲೆ ಬಲಗಡೆ ಕ್ಯಾಮರಾದ ಚಿತ್ರ. ಮತ್ತೆ ಕೇಳಿದರೆ ‘ವಿಡಿಯೋ’ ಮುಟ್ಟುವುದು.
ಕಿವಿಗೆ ಇಡಬಾರದು. ಮುಖದ ಮುಂದೆ ಒಂದು ಮೊಳ ದೂರ.
ಮುಗಿದಾಗ ಕೆಂಪು.

ಆ್ಯಪು ಅಪ್‌ಡೇಟ್ ಆದಾಗ ಗುಂಡಿಯ ಜಾಗ ಬದಲಾಗುವುದುಂಟು. ಅದಕ್ಕೆಂದು ಅಪ್‌ಡೇಟ್ ನಿಲ್ಲಿಸಬೇಡಿ, ಪುಟವನ್ನು ತಿದ್ದಿಸಿ.

‘ಕೇಳಿಸುವುದಿಲ್ಲ’ ಎಂಬ ದೂರು ಬಂದಾಗ ಕಿವಿಯನ್ನು ದೂರುವ ಮೊದಲು ಸದ್ದು ನೋಡಿ. ರಿಂಗಿನ ಸದ್ದು ಬೇರೆ, ಯೂಟ್ಯೂಬಿನ ಸದ್ದು ಬೇರೆ, ಕರೆಯ ಸದ್ದು ಬೇರೆ. ಬದಿಯ ಗುಂಡಿಯಿಂದ ಕರೆಯ ಸದ್ದು ಏರಿಸಬೇಕಾದರೆ ಕರೆಯಲ್ಲಿ ಮಾತಾಡುತ್ತಿರುವಾಗಲೇ ಒತ್ತಬೇಕು. ಯಾರೂ ಇದನ್ನು ಹೇಳಿಕೊಡುವುದಿಲ್ಲ.

ಬರೆಯುವುದಕ್ಕಿಂತ ಮಾತು ಸುಲಭ

ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುವುದು ಹಿರಿಯರಿಗೆ ಹಿಂಸೆ. ಗೂಗಲ್ಲಿನ ಕೀಲಿಮಣೆ ಆ್ಯಪಾದ ಜಿಬೋರ್ಡಿನಲ್ಲಿ ಕನ್ನಡ ಸೇರಿಸಿ, ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಅದೇ ಬರೆದುಕೊಡುತ್ತದೆ. ಅದಕ್ಕೆ ಪುಸ್ತಕದ ಕನ್ನಡ ತಿಳಿಯುತ್ತದೆ. ಹವ್ಯಕ ಮಾತಿನಲ್ಲಿ ಹೇಳಿದರೆ ಎಡವಟ್ಟಾಗಿ ಬರೆಯುತ್ತದೆ. ಕೈಬರಹ ಚೆನ್ನಾಗಿರುವವರಿಗೆ ಅದೇ ಜಿಬೋರ್ಡಿನಲ್ಲಿ ಬೆರಳಿನಿಂದ ಬರೆಯುವ ಕನ್ನಡ ಕೀಲಿಮಣೆಯೂ ಇದೆ. ಅಕ್ಷರ ಗೊತ್ತಿದ್ದು ಕೀಲಿ ಗೊತ್ತಿಲ್ಲದ ಹಳೆಯ ಮೇಷ್ಟ್ರುಗಳಿಗೆ ಅದು ಬಲು ಬೇಗ ಒಗ್ಗುತ್ತದೆ.

ತುಳು, ಹವ್ಯಕ, ಕೊಂಕಣಿ, ಕರಾಡ ಮನೆಮಾತಿನವರಿಗೆ ವಾಟ್ಸಾಪಿನ ಧ್ವನಿ ಸಂದೇಶವೇ ಸರಿ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೂ ಅದು ಅರ್ಥವಾಗುತ್ತದೆ. ಹಿರಿಯರು ಇದರಲ್ಲಿ ಎಡವುವುದು ಒಂದೇ ಕಡೆ. ಮೈಕನ್ನು ಒತ್ತಿ ಹಿಡಿದು ಮಾತಾಡಬೇಕು. ನಡುವೆ ಬೆರಳು ಸಡಿಲವಾದರೆ ಅರ್ಧ ಮಾತು ಹೋಗಿಬಿಡುತ್ತದೆ. ಒತ್ತಿ ಹಿಡಿದು ಬೆರಳನ್ನು ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಆಮೇಲೆ ಕೈಬಿಟ್ಟು ನಿಧಾನವಾಗಿ ಮಾತಾಡಬಹುದು, ಕೊನೆಗೆ ಹಸಿರು ಬಾಣ. ಈ ಮೇಲಕ್ಕೆ ಜಾರಿಸುವುದನ್ನು ಐದಾರು ಸಲ ಮಾಡಿಸಿ.

ಮಕ್ಕಳು ಯುಎಇಯಲ್ಲಿದ್ದರೆ ಇನ್ನೊಂದು ವಿಷಯ ಹೇಳಿರಬೇಕು. ಅಲ್ಲಿ ವಾಟ್ಸಾಪಿನ ಧ್ವನಿ, ವಿಡಿಯೋ ಕರೆಗಳಿಗೆ ತಡೆಯಿದೆ; ಬರಹ, ಫೋಟೋ, ಧ್ವನಿ ಸಂದೇಶ ಹೋಗುತ್ತವೆ. ಇದು ತಿಳಿಯದ ತಾಯಂದಿರು ತಮ್ಮ ಫೋನೇ ಕೆಟ್ಟಿದೆಯೆಂದು ಅಂಗಡಿಗೆ ಕೊಂಡುಹೋಗುತ್ತಾರೆ. ಅಲ್ಲಿ ಅನುಮತಿಯಿರುವ ಆ್ಯಪನ್ನು ಮಕ್ಕಳೇ ಊರಿಗೆ ಬಂದಾಗ ಹಾಕಿ, ಒಮ್ಮೆ ಕರೆ ಮಾಡಿಸಿ ತೋರಿಸಬೇಕು.

ಮಲಯಾಳದ ಕಾಗದ ಬಂದಾಗ

ಪಂಚಾಯತಿನ ನೋಟೀಸು, ವಿದ್ಯುತ್ ಮಂಡಳಿಯ ಸೂಚನೆ, ರೇಷನ್ ಅಂಗಡಿಯ ಗೋಡೆಗೆ ಅಂಟಿಸಿದ ಹಾಳೆ, ಇವುಗಳಿಗಾಗಿ ಹಿರಿಯರು ಯಾರಾದರೂ ಮನೆಗೆ ಬರುವವರೆಗೆ ಕಾಯುತ್ತಾರೆ. ಗೂಗಲ್ ಟ್ರಾನ್ಸ್‌ಲೇಟ್ ಆ್ಯಪಿನಲ್ಲಿ ಒಂದು ಕಡೆ ಮಲಯಾಳ, ಇನ್ನೊಂದು ಕಡೆ ಕನ್ನಡ ಇಟ್ಟು ಕ್ಯಾಮರಾ ತೆರೆದು ಕಾಗದದ ಮೇಲೆ ಹಿಡಿದರೆ ಕನ್ನಡದಲ್ಲಿ ಕಾಣುತ್ತದೆ. ಬೆಳಕು ಬದಿಯಿಂದ ಬೀಳಲಿ, ಕಾಗದ ಮಡಿಕೆಯಿಲ್ಲದೆ ಮೇಜಿನ ಮೇಲಿರಲಿ, ಫೋನು ನೇರ ಮೇಲಿಂದ ನೋಡಲಿ. ಕೈ ನಡುಗುವವರು ಮೊದಲು ಫೋಟೋ ತೆಗೆದು, ಆ ಫೋಟೋವನ್ನೇ ಆ್ಯಪಿನಲ್ಲಿ ತೆರೆಯಬಹುದು. ಕೈಯಲ್ಲಿ ಬರೆದ ಮಲಯಾಳ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಫೋನಿಗೇ ಬಂದ ಮಲಯಾಳ ಸಂದೇಶವಾದರೆ ಅದರ ಮೇಲೆ ಬೆರಳು ಒತ್ತಿ ಹಿಡಿದು ‘ಕಾಪಿ’ ಮಾಡಿ, ಆ್ಯಪಿನಲ್ಲಿ ‘ಪೇಸ್ಟ್’ ಮಾಡಬೇಕು. ಪಕ್ಕದ ಸ್ಪೀಕರ್ ಚಿತ್ರ ಒತ್ತಿದರೆ ಓದಿಯೂ ಹೇಳುತ್ತದೆ.

ಇದಕ್ಕಿಂತ ಮೊದಲು ಕಲಿಸಬೇಕಾದ್ದು ಇನ್ನೊಂದಿದೆ. ಲಿಪಿ ಯಾವುದೇ ಇರಲಿ, ತಾರೀಕು, ರೂಪಾಯಿ, ಫೋನ್ ನಂಬರು ಎಲ್ಲರಿಗೂ ಗೊತ್ತಿರುವ ಅಂಕೆಯಲ್ಲೇ ಇರುತ್ತವೆ. ಅವಕ್ಕೆ ಗೆರೆ ಎಳೆಯಲು ಹೇಳಿ. ತುರ್ತಿನದೋ, ದುಡ್ಡಿನದೋ, ಬರೀ ತಿಳಿವಳಿಕೆಯದೋ ಎಂಬುದು ಅಷ್ಟರಲ್ಲೇ ಅಂದಾಜಾಗುತ್ತದೆ. ಫೋನು ಮಾಡಿದ ಅನುವಾದ ವಿಷಯ ತಿಳಿಯಲು ಸಾಕು, ಸಹಿ ಹಾಕಲು ಸಾಲದು. ಭೂಮಿಯ ಕಾಗದ, ಸಾಲದ ಕಾಗದ, ಆಸ್ಪತ್ರೆಯ ಒಪ್ಪಿಗೆ ಪತ್ರಗಳನ್ನು ಮಲಯಾಳ ಬಲ್ಲ ಮನುಷ್ಯರಿಂದಲೇ ಓದಿಸಬೇಕು. ಮನೆಯ ಶಾಲೆಯ ಹುಡುಗ ಮಲಯಾಳ ಓದಿ ಹೇಳಿದರೆ ಅಜ್ಜ ಅದನ್ನು ಕನ್ನಡದಲ್ಲಿ ಒಂದು ಸಾಲು ಬರೆದು ಕಾಗದಕ್ಕೆ ಪಿನ್ ಮಾಡಿಡಲಿ. ಹುಡುಗನಿಗೆ ಆ ಸಾಲನ್ನು ಓದಿಸಲಿ.

ದುಡ್ಡಿನ ವಿಷಯ

ಯುಪಿಐಗೆ ಇಳಿಯುವ ಮೊದಲು ಮೂರು ಸಂಗತಿ ಪರೀಕ್ಷಿಸಿ. ಬ್ಯಾಂಕಿನಲ್ಲಿ ಕೊಟ್ಟ ನಂಬರು ಯಾರದು? ಎಷ್ಟೋ ಹಿರಿಯರ ಖಾತೆಗೆ ಮಗನ ನಂಬರು ಇರುತ್ತದೆ, ಹಾಗಿದ್ದರೆ ಅವರ ಫೋನಿನಲ್ಲಿ ಯುಪಿಐ ತೆರೆಯುವುದಿಲ್ಲ. ಬ್ಯಾಂಕಿಗೆ ಹೋಗಿ ಬದಲಿಸಬೇಕು. ಆ ನಂಬರಿನ ಸಿಮ್ ಅದೇ ಫೋನಿನಲ್ಲಿದೆಯೇ? ಆ ಸಿಮ್ಮಿನಿಂದ ಎಸ್ಸೆಮ್ಮೆಸ್ ಹೊರಗೆ ಹೋಗುತ್ತದೆಯೇ? ನೋಂದಣಿಯ ಹೊತ್ತಿಗೆ ಫೋನಿನಿಂದ ಒಂದು ಸಂದೇಶ ತಾನಾಗಿ ಹೋಗಬೇಕು. ರೀಚಾರ್ಜಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ, ಯಾಕೆಂದು ಆ್ಯಪು ಸರಿಯಾಗಿ ಹೇಳುವುದೂ ಇಲ್ಲ.

ಜೀವಮಾನದ ಉಳಿತಾಯವಿರುವ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಬೇರೆ ಒಂದು ಖಾತೆಯಲ್ಲಿ ತಿಂಗಳ ಖರ್ಚಿನಷ್ಟು, ಐದೋ ಹತ್ತೋ ಸಾವಿರ ಹಾಕಿ ಅದನ್ನು ಜೋಡಿಸಿ. ತಪ್ಪಾದರೂ ಹೋಗುವುದು ಅಷ್ಟೇ ಎಂದು ಗೊತ್ತಿದ್ದರೆ ಹಿರಿಯರಿಗೂ ಧೈರ್ಯ.

ಮೊದಲ ಪಾವತಿ ಮನೆಯೊಳಗೇ ಆಗಲಿ. ಮಗಳ ಫೋನಿನ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿ, ಕಾಣುವ ಹೆಸರನ್ನು ಗಟ್ಟಿಯಾಗಿ ಓದಿಸಿ, 1 ರೂಪಾಯಿ ಕಳಿಸಿ. ಗುಟ್ಟಿನ ಅಂಕೆ ಒತ್ತುವಾಗ ಕಲಿಸುವವರು ಮುಖ ಬೇರೆ ಕಡೆ ತಿರುಗಿಸಿ. ಮನೆಯವರೂ ನೋಡಬಾರದೆಂಬ ಅಭ್ಯಾಸ ಹೀಗೇ ಬರುತ್ತದೆ. ನಾಲ್ಕೈದು ದಿನ 1 ರೂಪಾಯಿಯೇ ಹೋಗಲಿ. ಆಮೇಲೆ ಕರೆಂಟು ಬಿಲ್ಲು. ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಬಿಲ್ಲಿನಲ್ಲಿರುವ 13 ಅಂಕೆಯ ಗ್ರಾಹಕ ಸಂಖ್ಯೆಯನ್ನು ಒಮ್ಮೆ ಹಾಕಿದರೆ ಆ್ಯಪು ನೆನಪಿಟ್ಟುಕೊಳ್ಳುತ್ತದೆ. ಮೊತ್ತ ಕಾಗದದ ಬಿಲ್ಲಿಗೆ ತಾಳೆಯಾಗುವುದರಿಂದ ಕಲಿಯಲು ಇದು ಒಳ್ಳೆಯ ಪಾವತಿ. ಅಂಗಡಿ ಮೂರನೆಯದು, ಅದೂ ಪರಿಚಯದ ಅಂಗಡಿ.

ನಡುವೆ ಸಿಗ್ನಲ್ ಹೋಗಿ ‘ಪ್ರೊಸೆಸಿಂಗ್’ ಎಂದು ನಿಂತರೆ ಎರಡನೆಯ ಸಲ ಕಳಿಸಬಾರದು. ಹಿಸ್ಟರಿ ತೆರೆದು ನೋಡಬೇಕು. ಖಾತೆಯಿಂದ ಹಣ ಕಡಿತವಾಗಿ ಆಚೆ ಸೇರದಿದ್ದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ, ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗಾದರೆ 5 ದಿನದೊಳಗೆ ಅದು ವಾಪಸು ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಉಂಟು. ಇದನ್ನು ತಿಳಿಯದೆ ಅಂತರ್ಜಾಲದಲ್ಲಿ ‘ಕಸ್ಟಮರ್ ಕೇರ್’ ನಂಬರು ಹುಡುಕಿ ಕರೆ ಮಾಡಿದವರು ಸೀದಾ ಮೋಸಗಾರರ ಕೈಗೆ ಬೀಳುತ್ತಾರೆ. ನಂಬರು ಬೇಕಿದ್ದರೆ ಪಾಸ್‌ಬುಕ್ಕಿನಿಂದ ಅಥವಾ ಕಾರ್ಡಿನ ಹಿಂಬದಿಯಿಂದ ಮಾತ್ರ.

ತಮ್ಮ ಬ್ಯಾಂಕ್ ಖಾತೆ ಜೋಡಿಸುವುದೇ ಬೇಡವೆನ್ನುವ ಹಿರಿಯರಿಗೆ ಯುಪಿಐ ಸರ್ಕಲ್ ಎಂಬುದಿದೆ. ಖಾತೆ ಮಗಳದು, ಸ್ಕ್ಯಾನ್ ಮಾಡುವವರು ಅಮ್ಮ. ಪ್ರತಿ ಪಾವತಿಗೂ ಮಗಳ ಒಪ್ಪಿಗೆ ಕೇಳುವಂತೆ ಇಡಬಹುದು, ಇಲ್ಲವೇ ತಿಂಗಳಿಗೆ 15,000 ರೂಪಾಯಿ ಮೀರದ ಮಿತಿ ಹಾಕಿ ಬಿಡಬಹುದು.

ಮೋಸ

ಬಣ್ಣ ಬೇರೆ ಬೇರೆ, ಒಳಗಿನ ತಿರುಳು ಎರಡೇ: ಹೆದರಿಸುವುದು, ಅವಸರ ಮಾಡುವುದು. ‘ಇಂದು ರಾತ್ರಿ ಕರೆಂಟು ಕಡಿಯುತ್ತೇವೆ, ಈ ನಂಬರಿಗೆ ಕರೆ ಮಾಡಿ’. ‘ನಿಮ್ಮ ಆಧಾರಿನಲ್ಲಿ ಮಾದಕ ವಸ್ತುವಿನ ಪಾರ್ಸೆಲ್ ಸಿಕ್ಕಿದೆ, ವಿಡಿಯೋ ಕರೆಯಲ್ಲೇ ಕೂತಿರಿ, ಯಾರಿಗೂ ಹೇಳಬೇಡಿ’. ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿ ಇಲ್ಲ. ಮದುವೆ ಕರೆಯೋಲೆಯೆಂದು ಬರುವ ಫೈಲಿನ ಹೆಸರಿನ ಕೊನೆಗೆ ಎಪಿಕೆ (.apk) ಎಂದಿದ್ದರೆ ಅದು ಕರೆಯೋಲೆಯಲ್ಲ, ಫೋನಿನೊಳಗೆ ನುಗ್ಗುವ ಆ್ಯಪು. ಪರಿಚಯದವರ ನಂಬರಿನಿಂದಲೇ ಬಂದರೂ ಮುಟ್ಟಬಾರದು, ಅವರ ಫೋನು ಮೊದಲೇ ಮೋಸಗಾರರ ವಶವಾಗಿರುತ್ತದೆ. ಹಣ ಬರಲು ಗುಟ್ಟಿನ ಅಂಕೆ ಬೇಡ, ಹೋಗಲು ಮಾತ್ರ ಬೇಕು. ಇದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆಸಿ.

ಎಸ್ಸೆಮ್ಮೆಸ್ ಎಲ್ಲಿಂದ ಬಂತೆಂದು ನೋಡಲು ಕಲಿಸಿ. ಬ್ಯಾಂಕು, ಸರಕಾರದ ಸಂದೇಶಗಳು ಹತ್ತಂಕೆಯ ನಂಬರಿನಿಂದ ಬರುವುದಿಲ್ಲ, ಅಕ್ಷರದ ಹೆಸರಿನಿಂದ ಬರುತ್ತವೆ. 2025ರ ಮೇ ತಿಂಗಳಿಂದ ಆ ಹೆಸರಿನ ತುದಿಗೆ ಒಂದು ಇಂಗ್ಲಿಷ್ ಅಕ್ಷರವೂ ಸೇರಿದೆ. ಜಿ ಇದ್ದರೆ ಸರಕಾರ, ಟಿ ಇದ್ದರೆ ವ್ಯವಹಾರ, ಎಸ್ ಇದ್ದರೆ ಸೇವೆ, ಪಿ ಇದ್ದರೆ ಜಾಹೀರಾತು.

ವಾಟ್ಸಾಪಿನ ‘ಅಕೌಂಟ್’ ವಿಭಾಗದಲ್ಲಿ ‘ಟು ಸ್ಟೆಪ್ ವೆರಿಫಿಕೇಶನ್’ ಹಾಕಿ ಆರಂಕೆ ಬರೆದಿಡಿ. ಮಗನ ದನಿಯಲ್ಲೇ ‘ತುರ್ತು, ದುಡ್ಡು ಕಳಿಸಿ’ ಎಂದು ಕರೆ ಬಂದರೂ ನಿಜವೇ ಎಂದು ಪರೀಕ್ಷಿಸಲು ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತು ಇಟ್ಟುಕೊಳ್ಳಿ. ತೋಟದ ಹಳೆಯ ದನದ ಹೆಸರು ಸಾಕು.

ಮೋಸ ಆದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಆಮೇಲೆ ಬ್ಯಾಂಕಿಗೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ತಡೆಯಬೇಕಾದ್ದರಿಂದ ಮೊದಲ ಗಂಟೆ ಅತಿ ಮುಖ್ಯ. ಹಿರಿಯರು ಆ ಗಂಟೆ ಕಳೆದುಕೊಳ್ಳುವುದು ಬೈಗುಳಕ್ಕೆ ಹೆದರಿ. ‘ನಿಮಗೆ ಬೇಡವೆಂದಿರಲಿಲ್ಲವೇ’ ಎಂಬ ಮಾತು ಮನೆಯಲ್ಲಿ ಒಮ್ಮೆ ಬಂದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ. ಏನೇ ಆದರೂ ಬೈಯುವುದಿಲ್ಲ, ಕೂಡಲೇ ಹೇಳಿ ಎಂದು ಮೊದಲೇ ಮಾತು ಕೊಟ್ಟಿರಿ, ಕೊಟ್ಟ ಮಾತು ಉಳಿಸಿಕೊಳ್ಳಿ.

ಸಿಗ್ನಲ್, ಕರೆಂಟು, ಸಿಡಿಲು

ಗುಡ್ಡದ ಬುಡದ ತೋಟದ ಮನೆಗಳಲ್ಲಿ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಫೈಬರ್ ಇರುವ ಮನೆಯಾದರೆ ಸಿಮ್ಮಿನ ಸೆಟ್ಟಿಂಗಿನಲ್ಲಿ ‘ವೈಫೈ ಕಾಲಿಂಗ್’ ಹಾಕಿ, ನಿಮ್ಮ ಸಿಮ್ ಕಂಪನಿ ಕೊಡುತ್ತಿದ್ದರೆ ಸಾದಾ ಕರೆಯೂ ವೈಫೈಯಲ್ಲೇ ಬರುತ್ತದೆ. ಕರೆಂಟು ಹೋದರೆ ರೂಟರ್ ಆರುತ್ತದೆ, ನೆಟ್ ನಿಲ್ಲುತ್ತದೆ. ಫೋನು ಕೆಟ್ಟದ್ದಲ್ಲ ಎಂದು ರೂಟರಿನ ದೀಪ ತೋರಿಸಿ ಹೇಳಿಕೊಡಿ. ರೂಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ, ಹೆಚ್ಚಿನವು 12 ವೋಲ್ಟಿನವು. ವಿಷುವಿನ ಆಚೀಚೆ ಮತ್ತು ತುಲಾ ಮಾಸದ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಅಡಾಪ್ಟರನ್ನೂ ಚಾರ್ಜರನ್ನೂ ಪ್ಲಗ್ಗಿನಿಂದಲೇ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿನ ಹೊಡೆತ ವಯರಿನಲ್ಲಿ ಬರುತ್ತದೆ.

ದೂರದಲ್ಲಿರುವ ಮಕ್ಕಳು ಮಾಡಬೇಕಾದ್ದು

ವಾಟ್ಸಾಪ್ ವಿಡಿಯೋ ಕರೆಯಲ್ಲಿ ‘ಸ್ಕ್ರೀನ್ ಶೇರ್’ ಇದೆ. ಅಮ್ಮನ ಪರದೆ ಮಗಳಿಗೆ ಕಾಣುತ್ತದೆ, ‘ಇನ್ನೂ ಕೆಳಗೆ, ಹಸಿರು’ ಎಂದು ಹೇಳಬಹುದು. ಮೋಸಗಾರರು ಕೇಳುವುದೂ ಇದನ್ನೇ. ಆದ್ದರಿಂದ ನಿಯಮ ಕಟ್ಟುನಿಟ್ಟಾಗಿರಲಿ. ಕರೆ ಮಾಡಿದ್ದು ಅಮ್ಮನೇ ಆಗಿದ್ದು, ಅದೂ ಮಗಳಿಗಾದರೆ ಮಾತ್ರ ಪರದೆ ತೋರಿಸುವುದು. ಬಂದ ಕರೆಯಲ್ಲಿ ತೋರಿಸಬಾರದು. ತೋರಿಸುತ್ತಿರುವಾಗ ದುಡ್ಡಿನ ಆ್ಯಪು ತೆರೆಯಬಾರದು.

ಊರಿಗೆ ಬಂದಾಗ ಒಂದು ಗಂಟೆ ಹಿರಿಯರ ಫೋನಿಗೆ ಮೀಸಲಿಡಿ. ವಾಟ್ಸಾಪಿನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ, ‘ಮ್ಯಾನೇಜ್ ಸ್ಟೋರೇಜ್’ ತೆರೆದು ಶುಭೋದಯದ ಚಿತ್ರಗಳನ್ನು ಅವರ ಎದುರಲ್ಲೇ ಅಳಿಸಿ. ಯಾರ ಫೋಟೋ ಉಳಿಸಬೇಕೆಂದು ಅವರೇ ಹೇಳಲಿ. ಗೊತ್ತಿಲ್ಲದ ಆ್ಯಪು ಸೇರಿದೆಯೇ ನೋಡಿ. ಡಯಲ್ ಮಾಡುವಲ್ಲಿ *#21# ಒತ್ತಿದರೆ ಕರೆಗಳು ಬೇರೆಡೆಗೆ ತಿರುಗುತ್ತಿವೆಯೇ ಎಂದು ತಿಳಿಯುತ್ತದೆ, ತಿರುಗಿದ್ದರೆ ##002# ಒತ್ತಿ ರದ್ದುಮಾಡಿ. ಎಮರ್ಜೆನ್ಸಿ ಮಾಹಿತಿಯಲ್ಲಿ ರಕ್ತದ ಗುಂಪು, ತೆಗೆದುಕೊಳ್ಳುವ ಮದ್ದು, ಇಬ್ಬರ ನಂಬರು ಬರೆಯಿರಿ. ಬೀಗ ತೆಗೆಯದೆಯೂ ಅದನ್ನು ಇತರರು ನೋಡಬಹುದು. ಕೇಂದ್ರ ಸರಕಾರದ ಅಥವಾ ಇಪಿಎಫ್ ಪಿಂಚಣಿ ಪಡೆಯುವವರಿದ್ದರೆ ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಪತ್ರವನ್ನು ಮುಖದ ಗುರುತಿನಿಂದ ಮನೆಯಲ್ಲೇ ಕೊಡಬಹುದು, ಅದಕ್ಕೆ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎರಡೂ ಆ್ಯಪು ಬೇಕು. ಕಿಟಕಿಯ ಎದುರು ಕೂರಿಸಿ, ಹಿಂದೆ ಬಿಳಿ ಗೋಡೆ ಇದ್ದರೆ ಬೇಗ ಆಗುತ್ತದೆ.

ಕೊನೆಗೆ ರೀಚಾರ್ಜ್. ಬ್ಯಾಂಕು, ಆಧಾರು, ಗ್ಯಾಸು ಎಲ್ಲ ಆ ಒಂದು ನಂಬರಿನ ಮೇಲೆ ನಿಂತಿರುತ್ತವೆ. ರೀಚಾರ್ಜ್ ಮಾಡದೆ, ಬಳಸದೆ ತಿಂಗಳುಗಟ್ಟಲೆ ಬಿಟ್ಟರೆ ಕಂಪನಿ ಆ ನಂಬರನ್ನು ಕಡಿದು ಮುಂದೆ ಬೇರೆಯವರಿಗೆ ಕೊಡುತ್ತದೆ, ಆಮೇಲೆ ಒಟಿಪಿ ಹೋಗುವುದು ಅವರಿಗೆ. ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಿರಿಯರೇ ಗುರುತು ಹಾಕಲಿ, ಅದಕ್ಕೆ ಎರಡು ದಿನ ಮೊದಲಿನ ಚೌಕದಲ್ಲಿ ಇನ್ನೊಂದು ಗುರುತಿರಲಿ.